ಗಾಡಿ ರಿಪೇರಿಯ ಲೆಕ್ಕ: ಮಜೂರಿ ಎಷ್ಟು, ಸಾಮಾನು ಎಷ್ಟು?

(ದಾವಣಗೆರೆಯಲ್ಲಿ ಮಿಲ್ ಕಾಮಗಾರರು ಮತ್ತು ಸಣ್ಣ ವ್ಯಾಪಾರಿಗಳ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)

ಕಾರು ಎಂದರೆ ಸಾಹುಕಾರರ ವಸ್ತು ಎಂಬ ಕಾಲ ಹೋಗಿ ಬಹಳ ದಿನವಾಯಿತು. ಈ ಸಭೆಯ ಹೊರಗೆ ನಿಂತಿರುವ ಗಾಡಿಗಳನ್ನೇ ನೋಡಿ. ಹಳೆಯ ಓಮ್ನಿಗಳುಂಟು, ಎರಡನೇ ಕೈಗೆ ಕೊಂಡ ಸಣ್ಣ ಕಾರುಗಳುಂಟು, ಸಾಮಾನು ಸಾಗಿಸುವ ನಾಲ್ಕು ಚಕ್ರದ ಗಾಡಿಗಳುಂಟು. ಇವುಗಳ ಯಜಮಾನರು ಯಾರು? ಮಿಲ್ಲಿನಲ್ಲಿ ಎರಡನೇ ಪಾಳಿ ಮುಗಿಸಿ ರಜೆಯ ದಿನ ಮದುವೆಗೆ, ಜಾತ್ರೆಗೆ ಬಾಡಿಗೆ ಹೊಡೆಯುವವರು. ಸಂತೆಯಿಂದ ಸಂತೆಗೆ ಬಟ್ಟೆ, ಪಾತ್ರೆ, ಬಳೆ ಒಯ್ದು ಮಾರುವವರು. ಗಾಡಿಯ ಮೇಲೆ ಫೈನಾನ್ಸಿನವರ ಕಂತು ಇದೆ. ಗಾಡಿ ನಿಂತ ದಿನ ಸಂಪಾದನೆ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ. ಆದುದರಿಂದ ಗ್ಯಾರೇಜಿನ ಬಿಲ್ಲು ಎಂಬುದು ನಮ್ಮ ನಿಮ್ಮಂಥವರ ಮನೆಯಲ್ಲಿ ಅಕ್ಕಿ ಬೇಳೆಯ ಪ್ರಶ್ನೆಯೇ ಆಗಿದೆ. ಇವತ್ತು ಅದನ್ನು ಕುರಿತೇ ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇವೆ.

ಮೊದಲು ಒಂದು ವ್ಯವಹಾರವನ್ನು ನಿಮ್ಮ ಮುಂದಿಡುತ್ತೇವೆ. ಹೆಸರು ಬೇಡ, ಆ ಗ್ಯಾರೇಜಿನ ಹೆಸರೂ ಬೇಡ. ಸಂತೆಯಲ್ಲಿ ಸಿದ್ಧ ಉಡುಪು ಮಾರುವ ಒಬ್ಬ ವ್ಯಾಪಾರಿ ನಮ್ಮ ಬಳಿಗೆ ಬಂದರು. ಅವರದು ಹಳೆಯ ಓಮ್ನಿ. ಗೇರ್ ಬದಲಿಸುವಾಗ ಕಿರುಗುಟ್ಟುತ್ತಿತ್ತು, ಏರು ಹತ್ತುವಾಗ ಇಂಜಿನ್ ಕೂಗಿದರೂ ಗಾಡಿ ಎಳೆಯುತ್ತಿರಲಿಲ್ಲ. ಸೋಮವಾರ ಗ್ಯಾರೇಜಿಗೆ ಬಿಟ್ಟು, "ಭಾಯ್, ಏನಾದರೂ ಮಾಡಿ, ಗುರುವಾರ ಸಂತೆಗೆ ಬೇಕು, ಎಷ್ಟಾದರೂ ನೋಡಿಕೊಳ್ಳೋಣ" ಎಂದು ಹೇಳಿ ಬಂದರು. ಬುಧವಾರ ಸಂಜೆ ಹೋದಾಗ ಬಿಳಿ ಚೀಟಿಯ ಮೇಲೆ ಲೆಕ್ಕ ಬರೆದು ಕೈಗಿಟ್ಟರು: ಕ್ಲಚ್ ಸೆಟ್ 6,200, ವೀಲ್ ಬೇರಿಂಗ್ 2,800, ಬ್ರೇಕ್ ಶೂ 2,400, ಆಯಿಲ್ ಮತ್ತು ಫಿಲ್ಟರ್ 2,600, ಇತರೆ 3,200, ಮಜೂರಿ 1,200. ಒಟ್ಟು 18,400 ರೂಪಾಯಿ. ಇವರ ಕೈಯಲ್ಲಿ ಇದ್ದದ್ದು ಎಂಟು ಸಾವಿರ. ಗಾಡಿ ಅಲ್ಲೇ ನಿಂತಿತು. ಒಂದು ಸಂತೆ ಹೋಯಿತು, ಎರಡನೆಯದೂ ಹೋಯಿತು, ಕಂತಿನ ತಾರೀಖೂ ಬಂತು. ಒಂಬತ್ತನೆಯ ದಿನ ನಮ್ಮ ಬಳಿ ಬಂದರು.

ನಾವು ಅವರೊಡನೆ ಗ್ಯಾರೇಜಿಗೆ ಹೋದೆವು. ಜಗಳಕ್ಕೆ ಹೋಗಲಿಲ್ಲ. ಹಳೆಯ ಸಾಮಾನು ತೋರಿಸಿ ಎಂದೆವು, ತೋರಿಸಿದರು. ಕ್ಲಚ್ ಪ್ಲೇಟು ನಿಜವಾಗಿಯೂ ರಿವೆಟ್ಟಿನವರೆಗೆ ಸವೆದಿತ್ತು. ಬೇರಿಂಗು ತಿರುಗಿಸಿದರೆ ಮರಳು ಅರೆದಂತೆ ಸದ್ದು ಮಾಡುತ್ತಿತ್ತು. ಕೆಲಸ ಬೇಕಾದದ್ದೇ, ಮಾಡಿದ್ದೂ ಸರಿಯೇ. ಬಳಿಕ ಆ ಚೀಟಿ ಹಿಡಿದು ಬಿಡಿಭಾಗದ ಅಂಗಡಿಗೆ ಹೋಗಿ ಡಬ್ಬಿಯ ಮೇಲಿನ ಬೆಲೆ ಕೇಳಿದೆವು. ಕ್ಲಚ್ ಸೆಟ್ 4,300, ಬೇರಿಂಗು 1,700, ಬ್ರೇಕ್ ಶೂ 1,500, ಆಯಿಲ್ ಮತ್ತು ಫಿಲ್ಟರ್ 1,900. ಒಟ್ಟು 9,400. ಚೀಟಿಯಲ್ಲಿ ಸಾಮಾನಿನ ಬಾಬತ್ತು "ಇತರೆ" ಸೇರಿ 17,200 ಇತ್ತು. ಅಂದರೆ 7,800 ರೂಪಾಯಿ ಹೆಚ್ಚಿಗೆ. "ಇತರೆ ಎಂದರೆ ಏನು?" ಎಂದು ಕೇಳಿದಾಗ ಆ ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಬಿಸಿಯಾಗಿಯೇ ಹೇಳಿದರು: "ಗೇರ್‌ಬಾಕ್ಸ್ ಇಳಿಸಿ ಏರಿಸೋಕೆ ಇಬ್ಬರು ಹುಡುಗರು ಎರಡು ದಿನ ಗಾಡಿ ಅಡಿಯಲ್ಲಿ ಮಲಗಿದ್ದಾರೆ ಸಾರ್. ಮಜೂರಿ ನಾಲ್ಕು ಸಾವಿರ ಅಂತ ಬರೆದಿದ್ದರೆ ಇವರು ಕೊಡುತ್ತಿದ್ದರಾ?"

ಮಿತ್ರರೇ, ಈ ಮಾತನ್ನು ನಾವು ಅಂದಿನಿಂದ ಮರೆತಿಲ್ಲ. ನಮ್ಮ ವ್ಯಾಪಾರಿ ಮಿತ್ರರೂ ಅದಕ್ಕೆ ಉತ್ತರ ಕೊಡಲಿಲ್ಲ. ಏಕೆಂದರೆ ಅದು ನಿಜ. ನಟ್ಟು ಬೋಲ್ಟಿಗೆ ಕೇಳಿದಷ್ಟು ಕೊಡುವ ನಾವು ಕೈಗೆಲಸಕ್ಕೆ ಚೌಕಾಶಿ ಮಾಡುತ್ತೇವೆ. "ಅರ್ಧ ಗಂಟೆ ಕೆಲಸಕ್ಕೆ ಐನೂರಾ?" ಎಂದು ಕೇಳುತ್ತೇವೆ. ಹಾಗಾಗಿ ಗ್ಯಾರೇಜಿನವನು ಮಜೂರಿಯನ್ನು ಸಾಮಾನಿನ ಬೆಲೆಯೊಳಗೆ ಬಚ್ಚಿಡುತ್ತಾನೆ. ಒಮ್ಮೆ ಬಚ್ಚಿಡಲು ಕಲಿತ ಮೇಲೆ ಎಷ್ಟು ಬಚ್ಚಿಡಬೇಕು ಎಂಬುದಕ್ಕೆ ಮಿತಿ ಉಳಿಯುವುದಿಲ್ಲ. ನಾಲ್ಕು ಸಾವಿರದ ಮಜೂರಿಗೆ ಏಳು ಸಾವಿರದ ಎಂಟುನೂರು ಸಾಮಾನಿನಲ್ಲಿ, ಮೇಲೆ 1,200 ಮಜೂರಿ ಎಂದು ಮತ್ತೆ. ಕೊನೆಗೆ ಸಾಮಾನಿಗೆ 9,400, ಮಜೂರಿಗೆ 4,000, ಒಟ್ಟು 13,400 ಎಂದು ಒಪ್ಪಂದವಾಯಿತು. ಐದು ಸಾವಿರ ಉಳಿಯಿತು. ಆದರೆ ಹೋದ ಎರಡು ಸಂತೆ ಮರಳಿ ಬರಲಿಲ್ಲ.

ಕಾಮಗಾರ ಮಿತ್ರರು ತಮ್ಮ ಪಗಾರದ ಚೀಟಿಯಲ್ಲಿ ಮೂಲ ವೇತನ ಬೇರೆ, ತುಟ್ಟಿಭತ್ಯೆ ಬೇರೆ, ಓವರ್‌ಟೈಮು ಬೇರೆ, ಪ್ರಾವಿಡೆಂಟ್ ಫಂಡಿನ ಕಡಿತ ಬೇರೆ ಕಾಣಬೇಕು ಎಂದು ಕೇಳುತ್ತಾರೆ. ಒಟ್ಟು ಮೊತ್ತ ಒಂದೇ ಬರೆದರೆ ಒಪ್ಪುತ್ತೀರಾ? ಗ್ಯಾರೇಜಿನ ಬಿಲ್ಲೂ ಹಾಗೆಯೇ. ನಾವು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದಾಗ ಮಕ್ಕಳಿಗೆ ಒಂದು ಮಾತು ಹೇಳುತ್ತಿದ್ದೆವು: ಬರೀ ಉತ್ತರ ಬರೆದರೆ ಅಂಕವಿಲ್ಲ, ಮಾಡಿದ ದಾರಿ ತೋರಿಸಬೇಕು. ಯಾವ ಸಾಮಾನು, ಯಾವ ಕಂಪನಿಯದು, ಎಷ್ಟು, ದರವೇನು. ಯಾವ ಕೆಲಸಕ್ಕೆ ಎಷ್ಟು ಮಜೂರಿ. ಇಷ್ಟು ಬಿಡಿಸಿ ಬರೆದರೆ ಅರ್ಧ ಮೋಸ ಅಲ್ಲೇ ನಿಲ್ಲುತ್ತದೆ.

ಇದಕ್ಕೆ ಕೆಲಸ ಶುರುವಾಗುವ ಮೊದಲೇ ತಯಾರಿ ಬೇಕು. "ಏನಾದರೂ ಮಾಡಿ, ಗಾಡಿ ಸರಿಯಾಗಲಿ" ಎಂಬ ಮಾತಿನಷ್ಟು ದುಬಾರಿ ಮಾತು ಇನ್ನೊಂದಿಲ್ಲ. ಅದು ಸಹಿ ಮಾಡಿ ಮೊತ್ತ ಬರೆಯದ ಚೆಕ್ಕು. ಗಾಡಿ ಬಿಡುವಾಗ ಎಸ್ಟಿಮೇಟು ಬರೆಸಿಕೊಳ್ಳಿ. ದೊಡ್ಡ ಸರ್ವೀಸ್ ಸೆಂಟರಿನಲ್ಲಿ ಜಾಬ್ ಕಾರ್ಡು ಎನ್ನುತ್ತಾರೆ, ಅದರಲ್ಲಿ ಖಾಲಿ ಜಾಗ ಬಿಟ್ಟು ಸಹಿ ಹಾಕಬೇಡಿ. ಸಣ್ಣ ಗ್ಯಾರೇಜಿನವರು ಬರೆದು ಕೊಡಲು ಸಂಕೋಚಪಟ್ಟರೆ ನೀವೇ ಮೊಬೈಲಿನಲ್ಲಿ ಬರೆದು ಅವರಿಗೆ ಕಳಿಸಿ: "ಇಂಥ ಕೆಲಸ, ಅಂದಾಜು ಇಷ್ಟು, ಇದಕ್ಕಿಂತ ಐನೂರು ಮೀರಿದರೆ ಕೇಳಿಯೇ ಮುಂದುವರಿಯಬೇಕು." ಅವರು ಸರಿ ಎಂದು ಉತ್ತರಿಸಿದರೆ ಅದೂ ಬರಹವೇ. ತೆಗೆದ ಹಳೆಯ ಸಾಮಾನು ನನಗೆ ಬೇಕು ಎಂಬುದನ್ನೂ ಮೊದಲೇ ಹೇಳಬೇಕು. ಗಾಡಿ ಒಯ್ಯುವ ದಿನ ಕೇಳಿದರೆ "ಗುಜರಿಯವನು ಒಯ್ದ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಇನ್ನೊಂದು ಅಭ್ಯಾಸ ನಮ್ಮಲ್ಲಿ ಉಂಟು. ಗ್ಯಾರೇಜಿಗೆ ಹೋಗಿ "ಕ್ಲಚ್ ಹೋಗಿದೆ, ಹಾಕಿಬಿಡಿ" ಎನ್ನುತ್ತೇವೆ. ಡಾಕ್ಟರ ಬಳಿ ಹೋಗಿ ಕಾಯಿಲೆಯ ಹೆಸರು ನಾವೇ ಹೇಳಿದಂತೆ. ನೋವು ಎಲ್ಲಿ, ಯಾವಾಗ, ಎಷ್ಟು ಎಂದು ಹೇಳಬೇಕು. ಸದ್ದು ಮುಂದಿನಿಂದಲೋ ಹಿಂದಿನಿಂದಲೋ, ಬ್ರೇಕ್ ಒತ್ತಿದಾಗಲೋ ತಿರುವಿನಲ್ಲೋ, ಇಂಜಿನ್ ತಣ್ಣಗಿರುವಾಗಲೋ ಕಾದ ಮೇಲೋ. ಬ್ರೇಕ್ ಒತ್ತಿದಾಗ ಕೀಚು ಸದ್ದು ಬಂದರೆ ಅದು ಅನೇಕ ವೇಳೆ ಬ್ರೇಕ್ ಪ್ಯಾಡು ಸವೆದದ್ದನ್ನು ಹೇಳಲೆಂದೇ ಇಟ್ಟ ತಗಡಿನ ಸದ್ದು. ಪ್ಯಾಡು ಬದಲಿಸಿದರೆ ಸಾಕಾಗುತ್ತದೆ. ಡಿಸ್ಕೂ ಹೋಗಿದೆ ಎಂದರೆ ಅಳತೆ ತೋರಿಸಿ ಎನ್ನಿ. ಬಹಳಷ್ಟು ಡಿಸ್ಕಿನ ಅಂಚಿನಲ್ಲಿ ಕನಿಷ್ಠ ದಪ್ಪ ಎಷ್ಟಿರಬೇಕು ಎಂದು ಮಿಲ್ಲಿಮೀಟರಿನಲ್ಲಿ ಅಚ್ಚೊತ್ತಿರುತ್ತಾರೆ. ಮಿಲ್ಲಿನಲ್ಲಿ ಕ್ಯಾಲಿಪರು ಹಿಡಿದ ಫಿಟ್ಟರ್ ಮಿತ್ರರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ.

ಈಗಿನ ಗಾಡಿಗಳಲ್ಲಿ ಮುಂದಿನ ಫಲಕದ ಮೇಲೆ ಇಂಜಿನ್ ಚಿತ್ರದ ಹಳದಿ ದೀಪ ಹತ್ತಿತೆಂದರೆ ಜನ ಹೆದರಿಬಿಡುತ್ತಾರೆ. ಆ ಹೆದರಿಕೆಯ ಮೇಲೆಯೇ ಒಂದು ವ್ಯಾಪಾರ ನಡೆದಿದೆ. ದೀಪ ಹತ್ತಿದಾಗ ಗಾಡಿಯ ಗಣಕದಲ್ಲಿ ಒಂದು ಸಂಖ್ಯೆ ದಾಖಲಾಗುತ್ತದೆ. ಸ್ಕ್ಯಾನರ್ ಹಚ್ಚಿದರೆ ಕಾಣುತ್ತದೆ. "ಸೆನ್ಸರ್ ಹೋಗಿದೆ" ಎಂಬ ಮಾತಿಗೆ ತಲೆಯಾಡಿಸದೆ ಆ ಸಂಖ್ಯೆ ಬರೆದುಕೊಡಿ ಎಂದು ಕೇಳಿ. ಒಂದು ಉದಾಹರಣೆ: ಪಿ 0301 ಎಂದು ಬಂದರೆ ಒಂದನೆಯ ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಅದಕ್ಕೆ ಸ್ಪಾರ್ಕ್ ಪ್ಲಗ್ಗು ಕಾರಣವಿರಬಹುದು, ಕಾಯಿಲ್ ಇರಬಹುದು, ಇಂಜೆಕ್ಟರ್ ಇರಬಹುದು. ಮೂರನ್ನೂ ಬದಲಿಸುವುದು ಸೋಮಾರಿಯ ಕೆಲಸ. ಒಂದೊಂದು ಸಿಲಿಂಡರಿಗೆ ಒಂದೊಂದು ಕಾಯಿಲ್ ಇರುವ ಗಾಡಿಯಲ್ಲಿ ಬುದ್ಧಿವಂತ ಮೆಕ್ಯಾನಿಕ್ ಒಂದನೆಯದರ ಕಾಯಿಲನ್ನು ಎರಡನೆಯದಕ್ಕೆ ಹಾಕಿ ನೋಡುತ್ತಾನೆ. ಸಂಖ್ಯೆ ಪಿ 0302 ಎಂದು ಬದಲಾದರೆ ಕಾಯಿಲೇ ದೋಷಿ. ಬದಲಾಗದಿದ್ದರೆ ಕಾಯಿಲಿಗೆ ಹಣ ಸುರಿಯಬೇಕಿಲ್ಲ. ಹೀಗೆ ಹುಡುಕಿ ಕೊಟ್ಟವನಿಗೆ, ಒಂದು ಸಾಮಾನೂ ಬದಲಿಸದಿದ್ದರೂ, ಮಜೂರಿ ಕೊಡಲೇಬೇಕು. ಅವನು ಮಾರಿದ್ದು ಬುದ್ಧಿಯನ್ನು.

ಇನ್ನು ರಸ್ತೆಯ ಬದಿಯ ಸಂಗತಿ. ಪಿ.ಬಿ. ರಸ್ತೆಯಲ್ಲಿ ಓಡಾಡುವವರಿಗೆ ಟಯರ್ ಪಂಕ್ಚರಿನ ಮೋಸ ಗೊತ್ತಿರಬೇಕು. ಟ್ಯೂಬ್‌ಲೆಸ್ ಟಯರಿಗೆ ಸೋಪಿನ ನೀರು ಬಳಿದು ಗುಳ್ಳೆ ಎಲ್ಲಿ ಬರುತ್ತದೆ ಎಂದು ಹುಡುಕುತ್ತಾರೆ. ಚಹಾ ಕುಡಿದು ಬನ್ನಿ ಎಂದು ನಿಮ್ಮನ್ನು ಕಳಿಸಿ, ಮರಳುವಷ್ಟರಲ್ಲಿ ಒಂದು ತೂತು ನಾಲ್ಕಾಗಿರುವ ಪ್ರಸಂಗಗಳು ಎಷ್ಟೋ. ಸೋಪಿನ ನೊರೆಯ ಅಡಿಯಲ್ಲಿ ಚೂಪು ಕಡ್ಡಿ ಚುಚ್ಚುವುದು ಕ್ಷಣದ ಕೆಲಸ. ಚಹಾ ಆಮೇಲೆ ಕುಡಿಯೋಣ, ಪಕ್ಕದಲ್ಲೇ ನಿಲ್ಲಿ. ಸಾಧ್ಯವಿದ್ದರೆ ಸ್ಟೆಪ್ನಿ ಹಾಕಿಕೊಂಡು ಗುರುತಿನವರ ಅಂಗಡಿವರೆಗೆ ಬನ್ನಿ. ಹೊಸ ಟಯರು ಕೊಳ್ಳುವಾಗ ಅದರ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ, ನೋಡಿ. 2324 ಎಂದಿದ್ದರೆ 2024ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದದ್ದು. ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದ ಟಯರನ್ನು ಹೊಸದರ ಬೆಲೆಗೆ ಕೊಳ್ಳುವ ಹಣೆಬರಹ ನಮಗೇಕೆ?

ಬ್ಯಾಟರಿಯ ವಿಷಯ ಚಿಕ್ಕದು, ಆದರೆ ಹಣ ಚಿಕ್ಕದಲ್ಲ. ಗಾಡಿ ಸ್ಟಾರ್ಟ್ ಆಗಲಿಲ್ಲ ಎಂದ ಕೂಡಲೇ ಬ್ಯಾಟರಿ ಸತ್ತಿತು ಎಂದು ತೀರ್ಮಾನಿಸಬೇಡಿ. ತುದಿಗಳಲ್ಲಿ ಬಿಳಿ, ಹಸಿರು ಬೂಷ್ಟು ಕಟ್ಟಿದ್ದರೆ ಕನೆಕ್ಷನ್ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡ ಹಾಕಿ ತೊಳೆದು ನೋಡಿ. ಆಮೇಲೂ ಆಗದಿದ್ದರೆ ಲೋಡ್ ಟೆಸ್ಟ್ ಮಾಡಿಸಿ. ಹೊಸದು ಹಾಕಿಸಲೇಬೇಕಾದರೆ ಹಳೆಯ ಬ್ಯಾಟರಿಯ ಸೀಸಕ್ಕೆ ಬೆಲೆಯುಂಟು, ಅದನ್ನು ಬಿಲ್ಲಿನಲ್ಲಿ ಕಳೆದು ತೋರಿಸಬೇಕು. ವಾರಂಟಿ ಕಾರ್ಡಿನಲ್ಲಿ ಮಾರಿದ ತಾರೀಖು ಬರೆಸಿಕೊಳ್ಳುವುದನ್ನು ಮರೆಯಬೇಡಿ.

ಇಷ್ಟರಲ್ಲಿ ಸಣ್ಣ ಗ್ಯಾರೇಜಿನವರನ್ನೇ ದೂರಿದಂತಾಯಿತು. ಎ.ಸಿ. ಹಾಕಿದ ಕೋಣೆಯಲ್ಲಿ ಕಾಫಿ ಕೊಟ್ಟು ಕೂರಿಸುವ ದೊಡ್ಡ ಸರ್ವೀಸ್ ಸೆಂಟರುಗಳನ್ನು ಬಿಡುವಂತಿಲ್ಲ. ಅಲ್ಲಿ ಬಿಲ್ಲು ಅಚ್ಚಾಗಿ ಬರುತ್ತದೆ, ಅಷ್ಟಕ್ಕೇ ನಾವು ನಂಬುತ್ತೇವೆ. ಇಂಜಿನ್ ಫ್ಲಶ್, ಡಿಕಾರ್ಬನೈಸಿಂಗ್, ಎ.ಸಿ. ಶುದ್ಧೀಕರಣ, ಟೆಫ್ಲಾನ್ ಲೇಪನ ಎಂದು ಸಾಲು ಸಾಲು ಇರುತ್ತದೆ. ಗಾಡಿಯ ಜೊತೆ ಕಂಪನಿಯೇ ಕೊಟ್ಟ ಪುಸ್ತಕದಲ್ಲಿ ಎಷ್ಟು ಕಿಲೋಮೀಟರಿಗೆ, ಎಷ್ಟು ತಿಂಗಳಿಗೆ ಯಾವ ಕೆಲಸ ಎಂಬ ಪಟ್ಟಿ ಇದೆ. ಆ ಪಟ್ಟಿಯಲ್ಲಿ ಇಲ್ಲದ ಕೆಲಸ ಏಕೆ ಬೇಕು ಎಂದು ಕೇಳುವ ಹಕ್ಕು ನಿಮಗುಂಟು. ಇಂಜಿನ್‌ಗೆ ಎಷ್ಟು ಲೀಟರ್ ಆಯಿಲ್ ಹಿಡಿಯುತ್ತದೆ ಎಂಬುದೂ ಅದೇ ಪುಸ್ತಕದಲ್ಲಿದೆ. ಮೂರು ಲೀಟರ್ ಹಿಡಿಯುವ ಇಂಜಿನ್‌ಗೆ ನಾಲ್ಕು ಲೀಟರ್ ಎಂದು ಬರೆದಿದ್ದರೆ ಉಳಿದ ಒಂದು ಲೀಟರ್ ಎಲ್ಲಿ ಎಂದು ವಿಚಾರಿಸಿ.

ಬಿಡಿಭಾಗದ ಬೆಲೆಯ ಮೂಲ ಎಲ್ಲಿದೆ ಎಂಬುದನ್ನು ತಿಳಿಯಲು ಹತ್ತಿರದ ಗ್ಯಾರೇಜು ಬಿಟ್ಟು ಸ್ವಲ್ಪ ಮೇಲಕ್ಕೆ ನೋಡಬೇಕು. ಒಬ್ಬ ಗ್ರಾಹಕರು 2011ರಲ್ಲಿ ಭಾರತ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ಕಾರು ಕಂಪನಿಗಳು ಅಸಲಿ ಬಿಡಿಭಾಗಗಳನ್ನು ಬಯಲು ಮಾರುಕಟ್ಟೆಗೆ ಬಿಡುವುದಿಲ್ಲ, ಹೊರಗಿನ ಗ್ಯಾರೇಜಿಗೆ ತಪಾಸಣೆಯ ಉಪಕರಣ, ರಿಪೇರಿಯ ಮಾಹಿತಿ ಕೊಡುವುದಿಲ್ಲ ಎಂಬುದು ಅವರ ದೂರು. ತನಿಖೆ ಬೆಳೆದು 14 ಕಂಪನಿಗಳನ್ನು ಸುತ್ತಿಕೊಂಡಿತು. 2014ರ ಆಗಸ್ಟ್ 25ರಂದು ಆಯೋಗ ತೀರ್ಪು ಕೊಟ್ಟು ಆ ಹದಿನಾಲ್ಕಕ್ಕೂ ಸೇರಿ 2,544 ಕೋಟಿ ರೂಪಾಯಿಗೂ ಮಿಕ್ಕಿದ ದಂಡ ಹಾಕಿತು. ಟಾಟಾ ಮೋಟಾರ್ಸಿನ ಪಾಲು 1,346 ಕೋಟಿ, ಮಾರುತಿ ಸುಜುಕಿಯದು 471 ಕೋಟಿ. ಕಂಪನಿಗಳು ಸುಮ್ಮನಿರಲಿಲ್ಲ, ಕೋರ್ಟಿನ ಮೆಟ್ಟಿಲು ಹತ್ತಿದವು. 2016ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಮೂರು ಕಂಪನಿಗಳ ವಿಷಯದಲ್ಲಿ ತಪ್ಪನ್ನು ಎತ್ತಿಹಿಡಿದು ದಂಡದ ಲೆಕ್ಕವನ್ನು ಇಳಿಸಿತು. ಸಿರಿವಂತರ ವ್ಯಾಜ್ಯ ನಿಧಾನ. ಆದರೂ ಆ ತೀರ್ಪಿನಲ್ಲಿ ನಮಗೆ ಬೇಕಾದ ಒಂದು ಮಾತು ಉಂಟು: ಹೊರಗಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದ್ದೀರಿ ಎಂಬ ಒಂದೇ ಕಾರಣಕ್ಕೆ ಪೂರ್ತಿ ವಾರಂಟಿ ರದ್ದು ಎಂಬ ಷರತ್ತು ಹಾಕಕೂಡದು ಎಂದು ಆಯೋಗ ಹೇಳಿತು. ಹೊರಗಿನವರ ಕೆಟ್ಟ ಕೆಲಸದಿಂದಲೇ ಹಾಳಾದ ಭಾಗದ ಮಾತು ಬೇರೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿಯ ಹಕ್ಕು ಎಂಬ ಹೆಸರಿನಲ್ಲಿ ಒಂದು ಅಂತರ್ಜಾಲ ತಾಣ ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ.

ಈ ಕತೆ ಏಕೆ ಹೇಳಿದೆವೆಂದರೆ, ನಮ್ಮ ಓಣಿಯ ಮೇಸ್ತ್ರಿಯೂ ಇಲ್ಲಿ ಪೆಟ್ಟು ತಿನ್ನುವವರಲ್ಲಿ ಒಬ್ಬ. ಉಪಕರಣ ಸಿಗದು, ಮಾಹಿತಿ ಸಿಗದು. ಹೊಸ ಗಾಡಿ ಬಂದರೆ ಕತ್ತಲಲ್ಲಿ ಕೈಯಾಡಿಸಬೇಕು. ಸಾಮಾನಿನ ಲಾಭವೇ ಅವನಿಗೆ ಆಸರೆ. ಅವನ ಕೈಯಡಿ ಕಲಿಯುವ ಹುಡುಗನಿಗೆ ದಿನಗೂಲಿ ಎಷ್ಟು ಎಂದು ಒಮ್ಮೆ ಕೇಳಿ ನೋಡಿ.

ಬಿಡಿಭಾಗದಲ್ಲಿ ಮೂರು ಬಗೆ. ಕಾರು ಕಂಪನಿಯ ಡಬ್ಬಿಯಲ್ಲಿ ಬರುವುದು ಒಂದು. ಆ ಕಂಪನಿಗೇ ಸಾಮಾನು ಒದಗಿಸುವ ಕಾರ್ಖಾನೆ ತನ್ನ ಹೆಸರಿನಲ್ಲೇ ಮಾರುವುದು ಎರಡನೆಯದು; ಅನೇಕ ವೇಳೆ ಸಾಮಾನು ಅದೇ, ಡಬ್ಬಿ ಬೇರೆ, ಬೆಲೆ ಕಡಿಮೆ. ಮೂರನೆಯದು ಡೂಪ್ಲಿಕೇಟು, ಇನ್ನೊಬ್ಬರ ಹೆಸರನ್ನು ಕದ್ದದ್ದು. ಬ್ರೇಕು, ಸ್ಟೀರಿಂಗಿನ ಸಾಮಾನಿನಲ್ಲಿ ಡೂಪ್ಲಿಕೇಟು ಹಾಕಿಸುವುದೆಂದರೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಜೂಜಾಡಿದಂತೆ. ಎರಡನೆಯ ಬಗೆಯದನ್ನು ಧೈರ್ಯವಾಗಿ ಕೇಳಿ ಕೊಳ್ಳಬಹುದು. ಸ್ಟಾರ್ಟರು, ಆಲ್ಟರ್ನೇಟರು ಮುಂತಾದವನ್ನು ರಿಪೇರಿ ಮಾಡಿ ಮತ್ತೆ ಹಾಕುವುದೂ ಉಂಟು. ಅದರಲ್ಲಿ ತಪ್ಪಿಲ್ಲ, ಹೊಸದೆಂದು ಹೇಳಿ ಹಾಕುವುದು ತಪ್ಪು. ಡಬ್ಬಿಯನ್ನು ನಿಮ್ಮ ಮುಂದೆ ಒಡೆಯಲಿ. ಡಬ್ಬಿಯ ಮೇಲೆ ಅಚ್ಚಾದ ಗರಿಷ್ಠ ಚಿಲ್ಲರೆ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿದೆ. ಅದರ ಮೇಲೆ ಮತ್ತೆ ಜಿ.ಎಸ್.ಟಿ. ಹಾಕುವುದು ಕಾನೂನಿಗೆ ವಿರುದ್ಧ.

ಜಿ.ಎಸ್.ಟಿ. ಮಾತು ಬಂದದ್ದರಿಂದ ವ್ಯಾಪಾರಿ ಮಿತ್ರರಿಗೆ ಗೊತ್ತಿರುವುದನ್ನೇ ಕಾಮಗಾರ ಮಿತ್ರರಿಗಾಗಿ ಹೇಳುತ್ತೇವೆ. ನೋಂದಣಿ ಇಲ್ಲದವರು ಜಿ.ಎಸ್.ಟಿ. ವಸೂಲು ಮಾಡುವಂತಿಲ್ಲ. ಕಾಂಪೊಸಿಷನ್ ಪದ್ಧತಿಯಲ್ಲಿ ಇರುವವರೂ ಗಿರಾಕಿಯಿಂದ ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ಬಿಲ್ಲಿನಲ್ಲಿ ತೆರಿಗೆ ಹಾಕಿದ್ದರೆ 15 ಅಕ್ಷರ ಅಂಕಿಗಳ ನೋಂದಣಿ ಸಂಖ್ಯೆ ಇರಬೇಕು. ಕರ್ನಾಟಕದ್ದಾದರೆ ಅದು 29ರಿಂದ ಶುರುವಾಗುತ್ತದೆ. ಹಿಂದೆ ಅನೇಕ ಬಿಡಿಭಾಗಗಳ ಮೇಲೆ 28 ಪರ್ಸೆಂಟ್ ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 18ಕ್ಕೆ ಇಳಿದಿದೆ. ಹಳೆಯ ದರ ಹಚ್ಚಿದ್ದರೆ ಪ್ರಶ್ನಿಸಿ. "ಬಿಲ್ಲು ಬೇಕಾದರೆ ಹದಿನೆಂಟು ಹೆಚ್ಚು, ಬೇಡವಾದರೆ ಇಷ್ಟೇ" ಎಂಬ ಆಮಿಷವನ್ನು ನೀವೆಲ್ಲ ಕೇಳಿದ್ದೀರಿ. ಬಿಲ್ಲಿಲ್ಲದೆ ಮಾಡಿಸಿದ ಕೆಲಸ ಮರುದಿನವೇ ಕೆಟ್ಟರೆ ಯಾರ ಮುಂದೆ ಹೋಗಿ ನಿಲ್ಲುತ್ತೀರಿ?

ಅಪಘಾತದ ರಿಪೇರಿಯಲ್ಲಿ ಮೊದಲ ಪ್ರಶ್ನೆಯೇ "ಇನ್ಶೂರೆನ್ಸಾ, ಕ್ಯಾಶಾ?" ಎಂದು. ಉತ್ತರಕ್ಕೆ ತಕ್ಕಂತೆ ದರ ಬದಲಾಗುತ್ತದೆ. ಕಂಪನಿ ಕೊಡುತ್ತದಲ್ಲ ಎಂದು ನಾವು ಉದಾರಿಗಳಾಗುತ್ತೇವೆ. ಲೆಕ್ಕ ನೋಡಿ. ಬಂಪರ್ 2,500, ಮಜೂರಿ 1,000, ಒಟ್ಟು 3,500ರ ಕೆಲಸ ಎನ್ನೋಣ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಸಾಮಾನಿನ ಬೆಲೆಯಲ್ಲಿ ಅರ್ಧ ಸವಕಳಿಯೆಂದು ಕಳೆಯುತ್ತಾರೆ. ಉಳಿಯಿತು 2,250. ಅದರಲ್ಲಿ 1,500 ಸಿ.ಸಿ.ವರೆಗಿನ ಕಾರಿಗೆ ಕಡ್ಡಾಯ ಕಡಿತ 1,000. ಕೈಗೆ ಬಂದದ್ದು 1,250. ಐದು ವರ್ಷ ಕ್ಲೇಮು ಮಾಡದೆ ಇದ್ದವರಿಗೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ 50 ಪರ್ಸೆಂಟ್ ಬೋನಸ್ ಇರುತ್ತದೆ. ಆ ಪ್ರೀಮಿಯಂ 6,000 ಇದ್ದರೆ ವರ್ಷಕ್ಕೆ 3,000 ಉಳಿತಾಯ. 1,250ರ ಆಸೆಗೆ 3,000 ಕಳೆದುಕೊಂಡು, ಮತ್ತೆ 20 ಪರ್ಸೆಂಟಿನಿಂದ ಏಣಿ ಹತ್ತಬೇಕು. ದೊಡ್ಡ ಹಾನಿಗೆ ಕ್ಲೇಮು ಬೇಕು, ಅದಕ್ಕೇ ಹಣ ಕಟ್ಟಿದ್ದೇವೆ. ಆದರೆ ಸರ್ವೇಯರ್ ನೋಡುವ ಮೊದಲು ಗಾಡಿ ಬಿಚ್ಚಲು ಬಿಡಬೇಡಿ, ಖಾಲಿ ಕ್ಲೇಮು ಫಾರಮ್ಮಿಗೆ ಸಹಿ ಹಾಕಬೇಡಿ.

ಇಷ್ಟೆಲ್ಲ ಮಾಡಿಯೂ ಮೋಸವಾದರೆ? ಮೊದಲು ಒಂದು ಎಚ್ಚರಿಕೆ. ಗ್ಯಾರೇಜಿನಿಂದ ಗಾಡಿಯನ್ನು ಬಲವಂತವಾಗಿ ಎಬ್ಬಿಸಿಕೊಂಡು ಬರಲು ಹೋಗಬೇಡಿ. 1872ರ ಕರಾರು ಕಾಯಿದೆಯ 170ನೆಯ ಕಲಮಿನ ಪ್ರಕಾರ, ಕೈಚಳಕದ ಕೆಲಸ ಮಾಡಿದವನು ನ್ಯಾಯವಾಗಿ ಸಲ್ಲಬೇಕಾದ ಮಜೂರಿ ಬರುವವರೆಗೆ ವಸ್ತುವನ್ನು ತನ್ನ ಬಳಿ ಇಟ್ಟುಕೊಳ್ಳಬಹುದು. ಇದು ದುಡಿದವನ ಹಕ್ಕು, ಇದನ್ನು ನಾವು ಅಲ್ಲಗಳೆಯುವುದಿಲ್ಲ. ಅದೇ ಕಾಯಿದೆಯ 151ನೆಯ ಕಲಮು ಅಲ್ಲಿದ್ದಷ್ಟು ದಿನ ನಿಮ್ಮ ಗಾಡಿಯನ್ನು ತನ್ನದರಂತೆ ಜೋಪಾನ ಮಾಡುವ ಹೊಣೆಯನ್ನೂ ಅವನ ಮೇಲೆ ಹೊರಿಸಿದೆ. ಸಂತೆ ತಪ್ಪಿ ನಷ್ಟವಾಗುವುದಿದ್ದರೆ, ಬಿಲ್ಲಿನ ಮೇಲೆ "ಆಕ್ಷೇಪಣೆಯೊಡನೆ ಹಣ ಕೊಟ್ಟಿದ್ದೇನೆ" ಎಂದು ಬರೆದು, ಹಣ ಕೊಟ್ಟು, ಗಾಡಿ ತಂದು, ಆಮೇಲೆ ದೂರು ಕೊಡಿ.

ದೂರು ಕೊಡಲು ದಾರಿ ಈಗ ಮೊದಲಿಗಿಂತ ಸುಲಭ. 1915ಕ್ಕೆ ಫೋನು ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ರಕ್ಷಣಾ ಕಾಯಿದೆಯಂತೆ ಘಟನೆ ನಡೆದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ಸಲ್ಲಿಸಬಹುದು. ಹುಬ್ಬಳ್ಳಿಯಲ್ಲಿ ಕೆಟ್ಟ ಗಾಡಿಗೆ ಹುಬ್ಬಳ್ಳಿಗೇ ಅಲೆಯಬೇಕಿಲ್ಲ. ಕೊಟ್ಟ ಹಣ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ವಕೀಲರೇ ಬೇಕೆಂದಿಲ್ಲ. ಬಿಲ್ಲು ಕೊಡದಿರುವುದನ್ನೇ ಆ ಕಾಯಿದೆ ಅನುಚಿತ ವ್ಯಾಪಾರವೆಂದು ಎಣಿಸಿದೆ. ವ್ಯಾಪಾರಿ ಮಿತ್ರರನ್ನು "ನಿಮ್ಮದು ವ್ಯಾಪಾರದ ಗಾಡಿ, ನೀವು ಗ್ರಾಹಕರೇ ಅಲ್ಲ" ಎಂದು ಹೆದರಿಸುವವರುಂಟು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಿಕ್ಕಾಗಿಯೇ ಕೊಂಡು ಬಳಸುವ ವಸ್ತುವನ್ನು ವಾಣಿಜ್ಯದ ಉದ್ದೇಶವೆಂದು ಎಣಿಸಕೂಡದೆಂದು ಕಾಯಿದೆಯೇ ವಿವರಣೆ ಕೊಟ್ಟಿದೆ. ತಾವೇ ಓಡಿಸುವ ಒಂದು ಓಮ್ನಿಯ ಯಜಮಾನ ಹೆದರಬೇಕಿಲ್ಲ. ಹತ್ತು ಗಾಡಿ ಇಟ್ಟು ಡ್ರೈವರುಗಳಿಂದ ಓಡಿಸುವವರ ಮಾತು ಬೇರೆ.

ಒಬ್ಬೊಬ್ಬರೇ ಹೋದಾಗ ಚೌಕಾಶಿ, ಕೂಡಿ ಹೋದಾಗ ದರ. ಈ ಸಭೆಯಲ್ಲಿರುವವರೇ ಸೇರಿ ನಾಲ್ಕಾರು ಗ್ಯಾರೇಜಿನವರನ್ನು ಕರೆದು, ಆಯಿಲ್ ಬದಲಿಸಲು ಮಜೂರಿ ಇಷ್ಟು, ಕ್ಲಚ್ಚಿಗೆ ಇಷ್ಟು, ಬ್ರೇಕಿಗೆ ಇಷ್ಟು ಎಂದು ಹಲಗೆಯ ಮೇಲೆ ಬರೆಸೋಣ. ಸಾಮಾನನ್ನು ಡಬ್ಬಿಯ ಬೆಲೆಗೇ ಕೊಡಲಿ, ಅಥವಾ ನಾವೇ ತಂದುಕೊಡುತ್ತೇವೆ. ಬರೆದ ಮಜೂರಿಗೆ ನಮ್ಮವರು ಒಂದು ರೂಪಾಯಿಯನ್ನೂ ಕಡಿಮೆ ಕೇಳಕೂಡದು, ಉದ್ರಿ ಹೇಳಕೂಡದು. ಇಬ್ಬರು ಮೇಸ್ತ್ರಿಗಳು ಒಪ್ಪಿ ಇಲ್ಲಿಗೇ ಬಂದಿದ್ದಾರೆ, ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ. ಅವರ ಎದುರಿನಲ್ಲೇ ಇಷ್ಟೆಲ್ಲ ಹೇಳಿದೆವು, ಅವರು ಬೇಸರಿಸಲಿಲ್ಲ.

ಮನೆಯಿಂದ ಬಿಲ್ಲು ತರಲು ಹೇಳಿದ್ದೆವು. ನಾಲ್ವರು ತಂದಿದ್ದಾರೆ. ಬಿಡಿಭಾಗದ ದರಪಟ್ಟಿಯೂ ಮೇಜಿನ ಮೇಲಿದೆ. ಮೊದಲು ಸಾಮಾನು ಗಾಡಿಯವರ ಬಿಲ್ಲು ತೆಗೆದುಕೊಳ್ಳೋಣ. ಇದರಲ್ಲಿಯೂ ಒಂದು "ಇತರೆ" ಕಾಣುತ್ತಿದೆ.